‘ಅಜ್ಜನ ಕಾಲದಲ್ಲಿ ಡಾಕ್ಟರೂ ಇರಲಿಲ್ಲ, ಕಾಯಿಲೆಯೂ ಇರಲಿಲ್ಲ’: ಮಲೆನಾಡಿನ ಲೆಕ್ಕ ಹೇಳುವುದೇ ಬೇರೆ

ಮಲೆನಾಡಿನ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಮಳೆಗಾಲದಂತೆ ತಪ್ಪದೆ ಬರುತ್ತದೆ. ಒಕ್ಕಣೆ ಬದಲಾಗುತ್ತದೆ, ಸಾರ ಮಾತ್ರ ಅದೇ. ನಮ್ಮ ಅಜ್ಜ ಅಜ್ಜಿಯ ಕಾಲದಲ್ಲಿ ಆಸ್ಪತ್ರೆ ಇರಲಿಲ್ಲ, ಡಾಕ್ಟರ್ ಇರಲಿಲ್ಲ, ಮಾತ್ರೆ ಇರಲಿಲ್ಲ. ಗಂಜಿ, ಕಳಲೆ, ಕೆಸುವಿನ ಸೊಪ್ಪು ತಿಂದು ತೊಂಬತ್ತು ವರ್ಷ ಗಟ್ಟಿಮುಟ್ಟಾಗಿ ಬದುಕಿದರು. ಕೊನೆಗೊಂದು ಕೈಮುಗಿಯುವ ಚಿತ್ರ, ‘ಎಲ್ಲರಿಗೂ ಕಳಿಸಿ’ ಎಂಬ ಕೋರಿಕೆ.

ಇದರ ಬೆನ್ನಿಗೇ ಇನ್ನೆರಡು ಬರುತ್ತವೆ. ಒಂದು, ಈಗಿನ ಡಾಕ್ಟರುಗಳಿಗೆ ದುಡ್ಡಿನ ಆಸೆ, ಅದಕ್ಕೇ ಹಳ್ಳಿಗೆ ಬರುವುದಿಲ್ಲ ಎನ್ನುವುದು. ಇನ್ನೊಂದು, ಭಾರತ ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡವನ್ನು ದಾಟಿದೆ, ದೇಶದಲ್ಲಿ ಡಾಕ್ಟರುಗಳ ಕೊರತೆಯೇ ಇಲ್ಲ ಎನ್ನುವುದು. ಒಂದೇ ಗುಂಪಿನಲ್ಲಿ, ಕೆಲವೊಮ್ಮೆ ಒಬ್ಬರೇ, ಈ ಮೂರನ್ನೂ ಕಳಿಸುತ್ತಾರೆ. ಡಾಕ್ಟರು ಬೇಡ, ಡಾಕ್ಟರು ಬರುತ್ತಿಲ್ಲ, ಡಾಕ್ಟರು ಸಾಕಷ್ಟಿದ್ದಾರೆ. ಮೂರೂ ಒಟ್ಟಿಗೆ ನಿಜವಾಗಲು ಹೇಗೆ ಸಾಧ್ಯ?

ಮೂರನ್ನೂ ಒಂದೊಂದಾಗಿ ಪರಿಶೀಲಿಸೋಣ. ಎದುರಿಗೆ ಒಂದು ಊರು ಇದ್ದರೆ ಲೆಕ್ಕ ಸುಲಭ. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ ತಾಲ್ಲೂಕಿನ ಜಯಪುರವನ್ನು ತೆಗೆದುಕೊಳ್ಳುತ್ತೇವೆ. ಶೃಂಗೇರಿಯಿಂದ ಬಾಳೆಹೊನ್ನೂರಿಗೆ ಹೋಗುವವರು ಹಾದುಹೋಗುವ, ಅಡಿಕೆ ಮತ್ತು ಕಾಫಿ ತೋಟಗಳ ನಡುವಿನ ಸಣ್ಣ ಪೇಟೆ ಅದು. ಒಂದು ಕಡೆ ಕೊಪ್ಪ, ಒಂದು ಕಡೆ ಶೃಂಗೇರಿ, ಇನ್ನೊಂದು ಕಡೆ ನರಸಿಂಹರಾಜಪುರ ತಾಲ್ಲೂಕು.

ಅಜ್ಜನ ಕಾಲದ ಆರೋಗ್ಯ

ಈಗಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆ ಎಂದು ಹೆಸರು. 1901ರ ಜನಗಣತಿಯಲ್ಲಿ ಅಲ್ಲಿದ್ದವರು 3,62,752 ಜನ. ಮುಂದಿನ ಜನಗಣತಿಗೆ ಈ ಸಂಖ್ಯೆ ಏರಲಿಲ್ಲ, ಇಳಿಯಿತು. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಮಲೆನಾಡಿನ ಹಲವು ತಾಲ್ಲೂಕುಗಳ ಕಥೆ ಇದೇ. ಬಯಲುಸೀಮೆಯಿಂದ, ಘಟ್ಟದ ಕೆಳಗಿನಿಂದ ಕೆಲಸಕ್ಕೆ ಜನ ಬರುತ್ತಿದ್ದರೂ ಊರುಗಳು ಖಾಲಿಯಾಗುತ್ತಿದ್ದವು. ಗದ್ದೆಗಳು ಹಾಳುಬಿದ್ದು ಕಾಡು ಸೇರಿದವು. ‘ಮಲೆನಾಡಿನ ಅಭಿವೃದ್ಧಿ’ ಎಂಬುದನ್ನೇ ಮೈಸೂರು ಸರ್ಕಾರ ಒಂದು ಪ್ರತ್ಯೇಕ ಯೋಜನೆಯಾಗಿ ಕೈಗೆತ್ತಿಕೊಳ್ಳಬೇಕಾಯಿತು. ಜನ ಆರೋಗ್ಯವಾಗಿದ್ದ ನಾಡಿಗೆ ಅಂಥ ಯೋಜನೆ ಬೇಕಾಗುತ್ತಿರಲಿಲ್ಲ.

ಪ್ಲೇಗ್ ಬಂದಿತ್ತು, 1918ರ ಇನ್‌ಫ್ಲುಯೆಂಜಾ ಬಂದಿತ್ತು. ಆದರೆ ಮಲೆನಾಡನ್ನು ವರ್ಷ ವರ್ಷವೂ ತಿಂದದ್ದು ಮಲೇರಿಯಾ. ಇಲ್ಲಿನ ಮಲೇರಿಯಾ ಬಯಲುಸೀಮೆಯದಕ್ಕಿಂತ ಯಾಕೆ ಹೆಚ್ಚು ಕಟುವಾಗಿತ್ತು ಎನ್ನುವುದಕ್ಕೆ ಕಾರಣ ಇದೆ. ಸೊಳ್ಳೆ ಎಂದರೆ ಕೊಳಚೆ ನೀರು ಎಂದು ನಾವು ಅಂದುಕೊಳ್ಳುತ್ತೇವೆ. ಪಶ್ಚಿಮಘಟ್ಟದಲ್ಲಿ ಮಲೇರಿಯಾ ಹರಡುವ ಮುಖ್ಯ ಸೊಳ್ಳೆ ಅನಾಫಿಲಿಸ್ ಫ್ಲುವಿಯಾಟಿಲಿಸ್. ಇದು ಮೊಟ್ಟೆ ಇಡುವುದು ಕೊಚ್ಚೆಯಲ್ಲಲ್ಲ, ನಿಧಾನವಾಗಿ ಹರಿಯುವ ತಿಳಿನೀರಿನ ಅಂಚಿನಲ್ಲಿ. ಅಂದರೆ ಮನೆಯ ಹಿಂದಿನ ಹಳ್ಳ, ತೋಟದ ಕಪ್ಪು, ಗದ್ದೆಗೆ ನೀರು ತರುವ ಕಾಲುವೆ. ಮನೆ ಎಷ್ಟೇ ಚೊಕ್ಕಟವಾಗಿರಲಿ, ನೀರು ಎಷ್ಟೇ ಶುದ್ಧವಾಗಿರಲಿ, ಸೊಳ್ಳೆಗೆ ಅಲ್ಲೇ ತೊಟ್ಟಿಲು. ಊಟ ಎಷ್ಟೇ ಪುಷ್ಟಿಕರವಾಗಿದ್ದರೂ ಸೊಳ್ಳೆ ಕಚ್ಚದೆ ಬಿಡುತ್ತಿರಲಿಲ್ಲ.

ಹಳಬರ ಬಾಯಲ್ಲಿ ‘ಜ್ವರಗಡ್ಡೆ’ ಎಂಬ ಮಾತು ಕೇಳಿದ್ದೀರಾ? ಮತ್ತೆ ಮತ್ತೆ ಮಲೇರಿಯಾ ಬಂದವರ ಗುಲ್ಮ ಊದಿಕೊಂಡು ಹೊಟ್ಟೆಯ ಎಡಭಾಗದಲ್ಲಿ ಗಡ್ಡೆಯಂತೆ ಕೈಗೆ ಸಿಗುತ್ತಿತ್ತು. ಒಂದು ಕಾಯಿಲೆಯ ಲಕ್ಷಣಕ್ಕೆ ಜನರ ಮಾತಿನಲ್ಲಿ ಸ್ವಂತ ಹೆಸರೇ ಹುಟ್ಟಬೇಕಾದರೆ ಅದು ಎಷ್ಟು ಮನೆಗಳಲ್ಲಿ ಇದ್ದಿರಬೇಕು, ಊಹಿಸಿ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ಅವರ ಆತ್ಮಕಥೆ ‘ನೆನಪಿನ ದೋಣಿಯಲ್ಲಿ’ ಓದಿದವರಿಗೆ ಆ ಕಾಲದ ಮಲೆನಾಡಿನ ಮನೆಗಳಿಗೆ ಜ್ವರ ಎಂಥ ನೆಂಟ ಎಂಬುದು ಗೊತ್ತಿರುತ್ತದೆ.

ಇನ್ನು ತೊಂಬತ್ತು ವರ್ಷದ ಅಜ್ಜನ ವಿಚಾರ. ಅವರು ಸುಳ್ಳಲ್ಲ. ಅಂಥವರು ಇದ್ದರು. ತಪ್ಪಾಗುವುದು ಲೆಕ್ಕದಲ್ಲಿ. 1911ರಿಂದ 1921ರ ದಶಕದಲ್ಲಿ ಭಾರತೀಯರ ಸರಾಸರಿ ಆಯುಷ್ಯ ಸುಮಾರು 20 ವರ್ಷ. ಇದನ್ನು ಓದಿದ ಕೂಡಲೇ ಕೆಲವರು, ‘ಹಾಗಾದರೆ ಎಲ್ಲರೂ ಇಪ್ಪತ್ತಕ್ಕೆ ಸಾಯುತ್ತಿದ್ದರೇ?’ ಎಂದು ನಗುತ್ತಾರೆ. ಹಾಗಲ್ಲ. ಹತ್ತು ಮಕ್ಕಳು ಹುಟ್ಟಿದ ಒಂದು ಮನೆ ಇದೆ ಎಂದುಕೊಳ್ಳಿ. ನಾಲ್ಕು ಮಕ್ಕಳು ಒಂದು ವರ್ಷ ತುಂಬುವ ಹೊತ್ತಿಗೆ ತೀರಿಕೊಂಡವು. ಮೂವರು ಮೂವತ್ತೈದರ ಸುಮಾರಿಗೆ ಜ್ವರಕ್ಕೋ ಹೆರಿಗೆಯಲ್ಲೋ ಹೋದರು. ಉಳಿದ ಮೂವರು ಎಂಬತ್ತೈದರವರೆಗೆ ಬದುಕಿದರು. ಸರಾಸರಿ ತೆಗೆದರೆ ಬರುವುದು 36. ಆ ಮನೆಯ ಮೊಮ್ಮಕ್ಕಳು ನೋಡಿದ್ದು ಮಾತ್ರ ಎಂಬತ್ತೈದರ ಮೂವರನ್ನು. ಉಳಿದ ಏಳು ಜನರ ಫೋಟೋ ಕೂಡ ಗೋಡೆಯ ಮೇಲಿಲ್ಲ. ‘ನಮ್ಮ ಅಜ್ಜನ ಕಾಲದಲ್ಲಿ’ ಎಂದು ಸಾಕ್ಷಿ ಹೇಳಲು ಉಳಿದವರು ಬದುಕಿ ಉಳಿದವರ ಮನೆಯವರು ಮಾತ್ರ. ಮನೆಯ ವಂಶವೃಕ್ಷ ಬರೆದಿಟ್ಟವರು ಯಾರಾದರೂ ಇದ್ದರೆ, ಅಜ್ಜಿಗೆ ಎಷ್ಟು ಮಕ್ಕಳು ಹುಟ್ಟಿದವು, ಎಷ್ಟು ಉಳಿದವು ಎಂದು ಒಮ್ಮೆ ಕೇಳಿ ನೋಡಿ.

ಹೆರಿಗೆಯ ಲೆಕ್ಕ ಇನ್ನೂ ಕಠೋರ. 1943ರಲ್ಲಿ ನೇಮಕವಾಗಿ 1946ರಲ್ಲಿ ವರದಿ ಕೊಟ್ಟ ಭೋರ್ ಸಮಿತಿ, ಬ್ರಿಟಿಷ್ ಇಂಡಿಯಾದಲ್ಲಿ ಪ್ರತಿ ಸಾವಿರ ಜನನಕ್ಕೆ ಸುಮಾರು 20 ತಾಯಂದಿರು ಸಾಯುತ್ತಿದ್ದಾರೆ ಎಂದು ಅಂದಾಜು ಮಾಡಿತು. ಅದನ್ನು ಈಗಿನ ಅಳತೆಗೆ ತಂದರೆ ಲಕ್ಷಕ್ಕೆ 2,000. 2018ರಿಂದ 2020ರ ಅವಧಿಯಲ್ಲಿ ಕರ್ನಾಟಕದ ಅಂಕಿ ಲಕ್ಷಕ್ಕೆ 69. ಸೂಲಗಿತ್ತಿಯರನ್ನು ಇಲ್ಲಿ ಹೀಗಳೆಯುವ ಉದ್ದೇಶ ನಮಗಿಲ್ಲ. ಸಹಜವಾಗಿ ಆಗುವ ಹೆರಿಗೆಯನ್ನು ಅವರು ಅಪಾರ ಅನುಭವದಿಂದ ಮಾಡಿಸುತ್ತಿದ್ದರು. ಪಾವಗಡದ ಸೂಲಗಿತ್ತಿ ನರಸಮ್ಮ ಅವರಿಗೆ 2018ರಲ್ಲಿ ಪದ್ಮಶ್ರೀ ಬಂದದ್ದು ಸುಮ್ಮನೆ ಅಲ್ಲ. ಆದರೆ ಹೆರಿಗೆಯ ನಂತರ ರಕ್ತಸ್ರಾವ ನಿಲ್ಲದಿದ್ದರೆ, ಮಗು ಅಡ್ಡ ತಿರುಗಿದ್ದರೆ, ಕೈಗುಣ ಸಾಕಾಗುವುದಿಲ್ಲ. ರಕ್ತ ಬೇಕು, ಶಸ್ತ್ರಚಿಕಿತ್ಸೆ ಬೇಕು.

ಮಲೇರಿಯಾವನ್ನು ಇಳಿಸಿದ್ದು ಯಾರು?

ಇಲ್ಲಿ ಒಂದು ತಿರುವು ಇದೆ. ಡಾಕ್ಟರುಗಳ ಪರವಾಗಿ ವಾದಿಸುವವರಿಗೂ ಇದು ಗೊತ್ತಿರಬೇಕು.

ಸೊಳ್ಳೆಯಿಂದ ಮಲೇರಿಯಾ ಹರಡುತ್ತದೆ ಎಂಬುದು 1897ರಲ್ಲೇ ಖಚಿತವಾಗಿತ್ತು. ಮೈಸೂರು ಸಂಸ್ಥಾನ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ 1920ರ ದಶಕದ ಕೊನೆಯ ಹೊತ್ತಿಗೆ ಮಲೇರಿಯಾ ಅಧ್ಯಯನ ಕೇಂದ್ರಗಳನ್ನು ತೆರೆದಿತ್ತು. ನಮ್ಮ ಜಿಲ್ಲೆಯ ಮೂಡಿಗೆರೆ ಅದರಲ್ಲೊಂದು. ಆದರೆ ದೊಡ್ಡ ಬದಲಾವಣೆ ಬಂದದ್ದು ಎರಡನೇ ಮಹಾಯುದ್ಧದ ನಂತರ, ಡಿಡಿಟಿಯ ಜೊತೆಗೆ. ಆಗ ಮುಂಬೈ ಪ್ರಾಂತ್ಯದಲ್ಲಿದ್ದ ಧಾರವಾಡ ಮತ್ತು ಕೆನರಾ ಜಿಲ್ಲೆಗಳಲ್ಲಿ ಡಾ. ಡಿ.ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಮನೆಮನೆಯ ಗೋಡೆಗೆ ಡಿಡಿಟಿ ಹೊಡೆದು ನೋಡಿದರು. ಅದರ ಫಲಿತಾಂಶ 1953ರ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮಕ್ಕೆ ದಾರಿಯಾಯಿತು. ಮಲೆನಾಡಿನ ಜನಸಂಖ್ಯೆ ಏರತೊಡಗಿದ್ದು ಅದೇ ಕಾಲದಲ್ಲಿ.

ಅಂದರೆ ಮಲೆನಾಡನ್ನು ಬದುಕಿಸಿದ ಮೊದಲ ದೊಡ್ಡ ಹೆಜ್ಜೆ ಸ್ಟೆತಾಸ್ಕೋಪ್ ಹಿಡಿದವರದ್ದಲ್ಲ, ಬೆನ್ನಿಗೆ ಪಂಪು ಕಟ್ಟಿಕೊಂಡು ಒಂಟಿಮನೆಗಳ ಗುಡ್ಡ ಹತ್ತಿದ ಕೂಲಿಯಾಳುಗಳದ್ದು. ಡಿಡಿಟಿಯಿಂದ ಪರಿಸರಕ್ಕೆ ಆದ ಹಾನಿ ಬೇರೆಯೇ ಅಧ್ಯಾಯ. ಸೊಳ್ಳೆಯೂ ಸುಮ್ಮನಿರಲಿಲ್ಲ, ಡಿಡಿಟಿಗೆ ಒಗ್ಗಿಕೊಂಡಿತು. ಸಿಂಪಡಣೆಯಲ್ಲೂ ಸಡಿಲ ಬಿದ್ದಿತು. 1976ರಲ್ಲಿ ದೇಶದಲ್ಲಿ 64 ಲಕ್ಷ ಮಲೇರಿಯಾ ಪ್ರಕರಣಗಳಾದವು. ಆದರೂ ಈ ಪಾಠ ಮುಖ್ಯ: ಕಾಯಿಲೆಗೆಲ್ಲ ಡಾಕ್ಟರೊಬ್ಬರೇ ಉತ್ತರ ಅಲ್ಲ. ಯಾವುದಕ್ಕೆ ಬೇಕು, ಯಾವ ಡಾಕ್ಟರು ಬೇಕು ಎಂದು ಬಿಡಿಸಿ ಕೇಳಬೇಕು. ಆ ಪ್ರಶ್ನೆಗೆ ಮುಂದೆ ಬರುತ್ತೇವೆ.

ಕೊರತೆ ಇವತ್ತಿನದಲ್ಲ

‘ಈಗಿನ’ ಡಾಕ್ಟರುಗಳಿಗೆ ದುರಾಸೆ ಎನ್ನುವ ಸಂದೇಶದಲ್ಲಿ ಹಿಂದೆ ಹಾಗಿರಲಿಲ್ಲ ಎಂಬ ನಂಬಿಕೆ ಅಡಗಿದೆ. ಹಿಂದೆ ಹೇಗಿತ್ತು? ಭೋರ್ ಸಮಿತಿಯ ಲೆಕ್ಕದಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ 6,300 ಜನಕ್ಕೆ ಒಬ್ಬ ಡಾಕ್ಟರ್, 43,000 ಜನಕ್ಕೆ ಒಬ್ಬ ನರ್ಸ್. ಆ ಕೆಲವೇ ಡಾಕ್ಟರುಗಳೂ ಹೆಚ್ಚಾಗಿ ಪಟ್ಟಣದಲ್ಲಿ. ಮೈಸೂರು ಸಂಸ್ಥಾನ ಇತರ ಹಲವು ಕಡೆಗಳಿಗಿಂತ ಮುಂದಿತ್ತು ನಿಜ. 1917ರಲ್ಲಿ ಬೆಂಗಳೂರಿನಲ್ಲಿ ವೈದ್ಯಕೀಯ ಶಾಲೆ ಶುರುವಾಯಿತು, 1924ರಲ್ಲಿ ಅದು ವಿಶ್ವವಿದ್ಯಾನಿಲಯದ ಕಾಲೇಜಾಯಿತು, 1930ರಲ್ಲಿ ಮೈಸೂರಿಗೆ ಹೋಯಿತು. ಬೆಂಗಳೂರಿಗೆ ಮತ್ತೆ ಸ್ವಂತ ಕಾಲೇಜು ಬಂದದ್ದು 1955ರಲ್ಲಿ, ಮಣಿಪಾಲಕ್ಕೆ 1953ರಲ್ಲಿ. ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆ ಹಳೆಯದಾದರೂ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾದದ್ದು 2007ರ ಹೊತ್ತಿಗೆ. ಚಿಕ್ಕಮಗಳೂರಿನ ಕಾಲೇಜು ತೀರಾ ಇತ್ತೀಚಿನದು. ಡಾಕ್ಟರು ಎಲ್ಲಿ ತಯಾರಾಗುತ್ತಾರೋ ಅಲ್ಲೇ ಸುತ್ತಮುತ್ತ ನೆಲೆಸುತ್ತಾರೆ ಎಂಬುದು ಜಗತ್ತಿನ ಅನುಭವ. ಮಲೆನಾಡಿನ ನಕ್ಷೆಯಲ್ಲಿ ಆ ಚುಕ್ಕಿಗಳು ಬಹಳ ಕಾಲ ಅಂಚಿನಲ್ಲೇ ಇದ್ದವು.

ಸರ್ಕಾರಿ ನೌಕರರಿಗೆ ಮಲೆನಾಡಿಗೆ ವರ್ಗವೆಂದರೆ ಶಿಕ್ಷೆ ಎಂಬ ಮಾತು ಮೊನ್ನೆ ಮೊನ್ನೆಯವರೆಗೂ ಇತ್ತು. ಡಾಕ್ಟರು ಮಾತ್ರ ಅದಕ್ಕೆ ಹೊರತಾಗಿರಬೇಕು ಎಂದು ನಿರೀಕ್ಷಿಸುವುದು ಹೇಗೆ? ಅವರಿಗೂ ಮಲೇರಿಯಾ ಬರುತ್ತಿತ್ತು.

ಹಳೆಯ ಮತ್ತೊಂದು ನಿರ್ಧಾರದ ಬಗ್ಗೆ ಹೆಚ್ಚು ಜನಕ್ಕೆ ಗೊತ್ತಿಲ್ಲ. ಆಗ ಎರಡು ಬಗೆಯ ಡಾಕ್ಟರುಗಳಿದ್ದರು. ಒಬ್ಬರು ಪೂರ್ಣ ಪದವೀಧರರು. ಇನ್ನೊಬ್ಬರು ಕಡಿಮೆ ಅವಧಿಯ ಕೋರ್ಸು ಓದಿದ ಎಲ್‌ಎಂಪಿಗಳು. ಹೆಸರಿನ ಮುಂದೆ ‘ಎಲ್‌ಎಂಪಿ’ ಎಂದು ಬರೆದ ಹಳೆಯ ಬೋರ್ಡು ನೆನಪಿರುವವರು ಈಗಲೂ ಇದ್ದಾರೆ. ಭೋರ್ ಸಮಿತಿ ಎಣಿಸಿದ ಸುಮಾರು 47,500 ಡಾಕ್ಟರುಗಳಲ್ಲಿ ಸುಮಾರು 30,000 ಜನ ಇವರೇ. ದೇಶಕ್ಕೆ ಒಂದೇ ದರ್ಜೆಯ ಡಾಕ್ಟರು ಸಾಕು, ಎಲ್‌ಎಂಪಿ ತರಬೇತಿ ನಿಲ್ಲಿಸಿ ಎಂದು ಸಮಿತಿಯ ಬಹುಮತ ಹೇಳಿತು. ಆರು ಸದಸ್ಯರು ಒಪ್ಪಲಿಲ್ಲ. ಡಾಕ್ಟರುಗಳೇ ಇಲ್ಲದ ದೇಶದಲ್ಲಿ ಇರುವ ದಾರಿಯನ್ನು ಮುಚ್ಚಬೇಡಿ ಎಂಬುದು ಅವರ ವಾದ. ಬಹುಮತ ಗೆದ್ದಿತು, ಶಾಲೆಗಳು ಮುಚ್ಚಿದವು ಅಥವಾ ಕಾಲೇಜುಗಳಾದವು. ಗುಣಮಟ್ಟದ ದೃಷ್ಟಿಯಿಂದ ಅದು ಸರಿಯಾದ ನಿರ್ಧಾರ ಎನ್ನುವವರು ಇದ್ದಾರೆ. ನಮ್ಮ ಅಭಿಪ್ರಾಯ ಆ ಆರು ಜನರ ಕಡೆಗೇ ವಾಲುತ್ತದೆ. 2001ರಲ್ಲಿ ಛತ್ತೀಸ್‌ಗಢ ಮೂರು ವರ್ಷದ ಕೋರ್ಸನ್ನು ಮತ್ತೆ ತಂದಾಗ ಡಾಕ್ಟರುಗಳ ಸಂಘಟನೆಗಳು ತೀವ್ರವಾಗಿ ವಿರೋಧಿಸಿದವು, ಕೋರ್ಸು ನಿಂತೂ ಹೋಯಿತು. ಆದರೆ ಅದನ್ನು ಓದಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೆಲಸಕ್ಕೆ ಸೇರಿದವರನ್ನು 2010ರ ಸುಮಾರಿಗೆ ಪರೀಕ್ಷಿಸಿದಾಗ, ಆ ಮಟ್ಟದ ಸಾಮಾನ್ಯ ಕಾಯಿಲೆಗಳಲ್ಲಿ ಅವರು ಎಂಬಿಬಿಎಸ್ ಡಾಕ್ಟರುಗಳಿಗೆ ಕಡಿಮೆ ಇರಲಿಲ್ಲ.

ಬಾಗಿಲು ಮುಚ್ಚಿದ ಮೇಲೆ ಜಾಗ ಖಾಲಿ ಉಳಿಯುತ್ತದೆಯೇ? ಉಳಿಯಲಿಲ್ಲ. 2001ರ ಜನಗಣತಿಯ ಮಾಹಿತಿಯನ್ನು ಆಧರಿಸಿ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹಳ್ಳಿಗಳಲ್ಲಿ ತಾವು ಅಲೋಪಥಿ ಡಾಕ್ಟರೆಂದು ಹೇಳಿಕೊಂಡವರಲ್ಲಿ ವೈದ್ಯಕೀಯ ಅರ್ಹತೆ ಇದ್ದವರು ಶೇ. 18.8 ಮಾತ್ರ. ತರಬೇತಿ ಪಡೆದ ಎಲ್‌ಎಂಪಿ ಹೋಗಿ, ಯಾವ ತರಬೇತಿಯೂ ಇಲ್ಲದ ‘ಆರ್‌ಎಂಪಿ’ ಬಂದರು. ಅಂದಹಾಗೆ ಆರ್‌ಎಂಪಿ ಎಂದರೆ ನೋಂದಾಯಿತ ವೈದ್ಯ ಎಂದರ್ಥ. ನೋಂದಣಿಯೇ ಇಲ್ಲದವರಿಗೆ ನಾವೆಲ್ಲ ಆ ಹೆಸರು ಕೊಟ್ಟಿರುವುದು ಒಂದು ವಿಚಿತ್ರ. ಹೋಗುವ ಕ್ಲಿನಿಕ್ ಸರಿಯಾದುದೇ ಎಂದು ತಿಳಿಯಲು, ಬೋರ್ಡಿನಲ್ಲಿ ಅಥವಾ ಒಳಗೆ ಕೆಪಿಎಂಇ ನೋಂದಣಿ ಇದೆಯೇ, ಡಾಕ್ಟರ ಹೆಸರಿನ ಜೊತೆ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಇದೆಯೇ ನೋಡಿ.

‘ಸಾವಿರಕ್ಕೆ ಒಬ್ಬ ಡಾಕ್ಟರ್’ ಎಂಬ ಮಾನದಂಡ

ಮೂರನೆಯ ಸಂದೇಶಕ್ಕೆ ಬರೋಣ. 2024ರಲ್ಲಿ ಕೇಂದ್ರ ಸರ್ಕಾರ ಸಂಸತ್ತಿಗೆ ಕೊಟ್ಟ ಉತ್ತರದಲ್ಲಿ 836 ಜನಕ್ಕೆ ಒಬ್ಬ ಡಾಕ್ಟರ್ ಎಂಬ ಲೆಕ್ಕ ಇದೆ. ಅದು ಸುಳ್ಳಲ್ಲ. ನೋಂದಾಯಿತ 13.86 ಲಕ್ಷ ಅಲೋಪಥಿ ಡಾಕ್ಟರುಗಳಲ್ಲಿ ಶೇ. 80ರಷ್ಟು ಜನ ಲಭ್ಯ ಇದ್ದಾರೆಂದು ಭಾವಿಸಿ, ಅದಕ್ಕೆ 5.65 ಲಕ್ಷ ಆಯುಷ್ ವೈದ್ಯರನ್ನು ಸೇರಿಸಿದರೆ ಆ ಅಂಕಿ ಬರುತ್ತದೆ. ಆದರೆ ಅದರ ಮುಂದೆ ಸಾವಿರಕ್ಕೆ ಒಬ್ಬ ಎಂಬ ‘ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡ’ವನ್ನು ಇಟ್ಟು ಗೆದ್ದೆವು ಎನ್ನುವುದರಲ್ಲಿ ತೊಂದರೆ ಇದೆ. ಆ ಸಂಸ್ಥೆ ಎಲ್ಲ ದೇಶಗಳಿಗೂ ಅಂಥ ಒಂದು ಅನುಪಾತವನ್ನು ವಿಧಿಸಿಲ್ಲ. ಅದು ಬಳಸುವ ಅಳತೆಗಳು ಡಾಕ್ಟರು, ನರ್ಸು, ಸೂಲಗಿತ್ತಿಯರನ್ನು ಒಟ್ಟು ಸೇರಿಸಿದವು. 2006ರ ಸುಮಾರಿಗೆ ಹತ್ತು ಸಾವಿರ ಜನಕ್ಕೆ ಸುಮಾರು 23 ಎಂದಿತ್ತು, ನಂತರ ಸುಸ್ಥಿರ ಅಭಿವೃದ್ಧಿ ಗುರಿಗಳಿಗಾಗಿ 44.5 ಎಂದಾಯಿತು.

ಅದಕ್ಕಿಂತ ದೊಡ್ಡ ತೊಂದರೆ ಸರಾಸರಿಯದ್ದು. ಬೆಂಗಳೂರಿನ ಒಂದು ರಸ್ತೆಯಲ್ಲಿ ಹತ್ತು ಕ್ಲಿನಿಕ್ ಇದ್ದರೆ ಜಯಪುರದವರ ಪಾಲಿಗೂ ಲೆಕ್ಕದಲ್ಲಿ ಡಾಕ್ಟರು ಸಿಕ್ಕಿಬಿಡುತ್ತಾರೆ, ಜ್ವರ ಬಂದಾಗ ಮಾತ್ರ ಸಿಗುವುದಿಲ್ಲ.

ಮಲೆನಾಡಿನಲ್ಲಿ ಜನಸಂಖ್ಯೆಯ ಲೆಕ್ಕವೇ ಮೋಸ ಮಾಡುತ್ತದೆ. ಸರ್ಕಾರದ ನಿಯಮದಂತೆ ಬಯಲಿನಲ್ಲಿ 30,000 ಜನಕ್ಕೆ, ಗುಡ್ಡಗಾಡು ಪ್ರದೇಶದಲ್ಲಿ 20,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಬೇಕು. ಗುಡ್ಡಗಾಡಿಗೆ ರಿಯಾಯಿತಿ ಕೊಟ್ಟಂತೆ ಕಾಣುತ್ತದೆ. ಈಗ ನೆಲ ಅಳೆಯಿರಿ. 2011ರ ಜನಗಣತಿಯಲ್ಲಿ ಚಿಕ್ಕಮಗಳೂರು ಜಿಲ್ಲೆಯಲ್ಲಿ ಚದರ ಕಿಲೋಮೀಟರಿಗೆ 158 ಜನ, ಬೆಂಗಳೂರು ನಗರ ಜಿಲ್ಲೆಯಲ್ಲಿ 4,381. ಬೆಂಗಳೂರಿನಲ್ಲಿ 30,000 ಜನ ಏಳು ಚದರ ಕಿಲೋಮೀಟರಿನಲ್ಲಿ ಸಿಗುತ್ತಾರೆ. ಇಲ್ಲಿ 20,000 ಜನರನ್ನು ಒಟ್ಟುಮಾಡಲು ಸುಮಾರು 127 ಚದರ ಕಿಲೋಮೀಟರ್ ಸುತ್ತಬೇಕು. ಅದೂ ಬಯಲಿನಂತೆ ಒತ್ತಾಗಿ ಕಟ್ಟಿದ ಊರುಗಳಲ್ಲ. ಗುಡ್ಡಕ್ಕೊಂದು ಮನೆ, ನಡುವೆ ಹಳ್ಳ, ಮಳೆಗಾಲದಲ್ಲಿ ಕಾಲುಸಂಕ. ನಿಯಮದ ಪ್ರಕಾರ ಆಸ್ಪತ್ರೆ ಇದ್ದರೂ ಬಾಗಿಲಿನಿಂದ ಬಾಗಿಲಿಗೆ ಎರಡು ಗಂಟೆಯ ದೂರ ಇರಬಹುದು.

ಯಾವ ಡಾಕ್ಟರಿಲ್ಲ?

ಮೇಲೆ ಮುಂದಿಟ್ಟ ಪ್ರಶ್ನೆ ಇದು. ಎರಡು ಸಂದರ್ಭ ನೋಡೋಣ.

ಒಂದು, ತೋಟದಲ್ಲಿ ಹಾವು ಕಚ್ಚಿದೆ. ಪ್ರತಿವಿಷ ಕೊಡಲು ದೊಡ್ಡ ತಜ್ಞರು ಬೇಕಿಲ್ಲ. ಔಷಧ ದಾಸ್ತಾನಿದ್ದರೆ, ತರಬೇತಿ ಇದ್ದರೆ ಎಂಬಿಬಿಎಸ್ ಡಾಕ್ಟರೇ ಶುರು ಮಾಡಬಲ್ಲರು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಕಚ್ಚಿದ ಕಾಲನ್ನು ಅಲುಗಾಡಿಸದೆ, ಕೊಯ್ಯದೆ, ಬಿಗಿಯಾಗಿ ಕಟ್ಟದೆ, ಪ್ರತಿವಿಷ ಇರುವ ಹತ್ತಿರದ ಆಸ್ಪತ್ರೆಗೆ ನೇರ ಹೋಗುವುದು ಮುಖ್ಯ. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲಗಳಿಗೆ ಮಾಡಿದ್ದು. ಕಾಳಿಂಗಕ್ಕೂ ಮಲೆನಾಡಿನ ತೋಟಗಳಲ್ಲಿರುವ ಕೆಲವು ಬೇರೆ ಮಂಡಲಗಳಿಗೂ ಅದನ್ನು ನೆಚ್ಚುವಂತಿಲ್ಲ. ಹಾಗಂತ ನಾವೇ ಹಾವಿನ ಜಾತಿ ತೀರ್ಮಾನಿಸಿ ಮನೆಯಲ್ಲಿ ಕೂರಬಾರದು. ಆ ತೀರ್ಮಾನ ಆಸ್ಪತ್ರೆಯದು.

ಎರಡನೆಯದು, ಹೆರಿಗೆಯ ನಂತರ ರಕ್ತಸ್ರಾವ. ಚಿಕಿತ್ಸೆ ಸಿಗದಿದ್ದರೆ ಜೀವ ಹೋಗಲು ಸುಮಾರು ಎರಡು ಗಂಟೆ ಸಾಕು ಎಂದು ವೈದ್ಯಕೀಯದಲ್ಲಿ ಕಲಿಸುತ್ತಾರೆ. ಪ್ರಾಥಮಿಕ ಕೇಂದ್ರದ ನರ್ಸ್ ಇಂಜೆಕ್ಷನ್ ಕೊಟ್ಟು ಬಹುಪಾಲು ಪ್ರಕರಣಗಳನ್ನು ಹಿಡಿದು ನಿಲ್ಲಿಸಬಲ್ಲರು. ಆದರೂ ನಿಲ್ಲದಿದ್ದರೆ ಸ್ತ್ರೀರೋಗ ತಜ್ಞರು, ಅರಿವಳಿಕೆ ತಜ್ಞರು, ರಕ್ತ ಮೂರೂ ಒಂದೇ ಕಡೆ, ಒಂದೇ ರಾತ್ರಿ ಇರಬೇಕು. ಒಂದಿಲ್ಲದಿದ್ದರೆ ಉಳಿದ ಎರಡೂ ಇದ್ದು ಪ್ರಯೋಜನವಿಲ್ಲ. ಜಯಪುರದ ಕಡೆಯಿಂದ ಶಿವಮೊಗ್ಗಕ್ಕೋ, ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೋ ಹೊರಟರೆ ಆ ಎರಡು ಗಂಟೆ ದಾರಿಯಲ್ಲೇ ಮುಗಿಯುತ್ತದೆ.

ಕೊರತೆ ನಿಜವಾಗಿ ಕುಳಿತಿರುವುದು ಈ ಎರಡನೆಯ ಜಾಗದಲ್ಲಿ. ದೇಶದ ಗ್ರಾಮೀಣ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಇರಬೇಕಾದ ತಜ್ಞರಲ್ಲಿ ಸುಮಾರು ಶೇ. 80ರಷ್ಟು ಜನ ಇಲ್ಲ ಎಂದು ಕೇಂದ್ರ ಆರೋಗ್ಯ ಇಲಾಖೆಯ 2021-22ರ ಅಂಕಿಅಂಶವೇ ಹೇಳುತ್ತದೆ. ಎಂಬಿಬಿಎಸ್ ಹಂತದಲ್ಲಿ ಚಿತ್ರ ಬೇರೆ. ಕರ್ನಾಟಕ 2012ರಲ್ಲಿ ಒಂದು ವರ್ಷದ ಕಡ್ಡಾಯ ಸೇವೆಯ ಕಾಯ್ದೆ ಮಾಡಿತು, 2015ರಲ್ಲಿ ಅದು ಜಾರಿಗೆ ಬಂತು, ತಪ್ಪಿಸಿದವರಿಗೆ 15ರಿಂದ 30 ಲಕ್ಷ ರೂಪಾಯಿ ದಂಡ. 2023ರ ಕೊನೆಯಲ್ಲಿ ಸರ್ಕಾರವೇ ಆ ಕಾಯ್ದೆಯನ್ನು ಸಡಿಲಿಸಿತು. ಕಾರಣ? ಓದು ಮುಗಿಸಿದವರ ಸಂಖ್ಯೆಗೆ ತಕ್ಕಷ್ಟು ಖಾಲಿ ಹುದ್ದೆಗಳಿಲ್ಲ. ಡಾಕ್ಟರು ಹಳ್ಳಿಗೆ ಬರುವುದೇ ಇಲ್ಲ ಎಂಬ ಸಂದೇಶವನ್ನು ಮತ್ತೆ ಕಳಿಸುವ ಮುನ್ನ ಇದನ್ನೊಮ್ಮೆ ಓದಬೇಕು.

ಹಾಗಾದರೆ ತಜ್ಞರು ಯಾಕೆ ಉಳಿಯುವುದಿಲ್ಲ? ಹಣ ಒಂದು ಕಾರಣ, ಇಲ್ಲ ಎನ್ನುವುದಿಲ್ಲ. ಆದರೆ ಅರಿವಳಿಕೆ ತಜ್ಞರಿಲ್ಲದ ಊರಿನಲ್ಲಿ ಶಸ್ತ್ರಚಿಕಿತ್ಸಕರು ಏನು ಮಾಡಬೇಕು? ರಾತ್ರಿ ಹಗಲು ಒಬ್ಬರೇ ಇರಬೇಕು, ರಜೆ ಹಾಕಿದರೆ ಬದಲಿಯಿಲ್ಲ, ಏನಾದರೂ ಹೆಚ್ಚುಕಡಿಮೆಯಾದರೆ ಜನ ಮೊದಲು ಹಿಡಿಯುವುದು ಅವರ ಕಾಲರ್. ಸಂಗಾತಿಗೆ ಕೆಲಸ, ಮಕ್ಕಳಿಗೆ ಶಾಲೆ, ಇವೆಲ್ಲ ಆಮೇಲೆ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಇದೇ ವಿಷಯಕ್ಕೆ ಮಾರ್ಗಸೂಚಿ ಹೊರಡಿಸಿದಾಗ ಯಾವ ಒಂದು ಮದ್ದನ್ನೂ ಹೇಳಲಿಲ್ಲ, ಹಲವನ್ನು ಒಟ್ಟಿಗೆ ಮಾಡಬೇಕೆಂದಿತು. ಥಾಯ್ಲೆಂಡ್ 1970ರ ದಶಕದಿಂದ ಮೂರು ವರ್ಷದ ಕಡ್ಡಾಯ ಸೇವೆಯ ಜೊತೆಗೇ ದೂರದ ಜಾಗಕ್ಕೆ ಹೆಚ್ಚಿನ ಭತ್ಯೆ, ಜಿಲ್ಲೆಗಳಲ್ಲಿ ಸುಸಜ್ಜಿತ ಆಸ್ಪತ್ರೆ ಎಲ್ಲವನ್ನೂ ಕಟ್ಟುತ್ತ ಬಂತು.

ಹಳ್ಳಿಯಲ್ಲಿ ಬೆಳೆದವರು ಹಳ್ಳಿಗೆ ಮರಳುವ ಸಾಧ್ಯತೆ ಹೆಚ್ಚು ಎಂಬುದಕ್ಕೆ ಹಲವು ದೇಶಗಳಿಂದ ಪುರಾವೆ ಇದೆ. ಕರ್ನಾಟಕದಲ್ಲಿ ಒಂದರಿಂದ ಹತ್ತನೇ ತರಗತಿ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಸೀಟು ಮೀಸಲಿದೆ. ಒಳ್ಳೆಯ ಬಾಗಿಲು ಅದು. ಒಳಗೆ ಹೋದವರು ಊರಿಗೆ ತಿರುಗಿ ಬರುವ ದಾರಿ ಮಾತ್ರ ಅದಕ್ಕೆ ಜೋಡಿಸಿಲ್ಲ.

ಈ ನಡುವೆ ಕಾಯಿಲೆಗಳು ಕಾಯುತ್ತಿಲ್ಲ. ಮಂಗನ ಕಾಯಿಲೆ 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾಯಿತು. ಅದೀಗ ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ತಾಲ್ಲೂಕುಗಳಿಗೂ ಹೊಸಬನಲ್ಲ. ಹಳೆಯ ಲಸಿಕೆಯನ್ನು ನಿಲ್ಲಿಸಲಾಗಿದೆ. ಬೇಸಿಗೆಯಲ್ಲಿ ಕಾಡಿಗೆ, ದರಕಿಗೆ ಹೋಗಿ ಬಂದವರಿಗೆ ತೀವ್ರ ಜ್ವರ, ತಲೆನೋವು, ಮೈಕೈ ನೋವು ಬಂದರೆ ಅದನ್ನು ಮೊದಲು ಅನುಮಾನಿಸಬೇಕಾದವರು ಹತ್ತಿರದ ಆರೋಗ್ಯ ಕೇಂದ್ರದ ಡಾಕ್ಟರು, ಅವರಿಗಿಂತ ಮೊದಲು ಮನೆಗೆ ಬರುವ ಆಶಾ ಕಾರ್ಯಕರ್ತೆ.

ಇನ್ನೊಂದು ಬಗೆಯ ಸಂದೇಶ

2022ರ ಜುಲೈ 20ರಂದು ಹೊನ್ನಾವರದಿಂದ ಕುಂದಾಪುರದ ಕಡೆಗೆ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ಗೇಟಿನಲ್ಲಿ ಮಳೆಗೆ ಜಾರಿ ಬಡಿಯಿತು. ನಾಲ್ವರು ಸತ್ತರು. ಆ ದೃಶ್ಯ ಎಲ್ಲರ ಮೊಬೈಲಿಗೂ ಬಂತು. ಅದರ ಬೆನ್ನಿಗೆ ಉತ್ತರ ಕನ್ನಡದ ಜನ, ಜಿಲ್ಲೆಯಲ್ಲೇ ದೊಡ್ಡ ಆಸ್ಪತ್ರೆ ಬೇಕು ಎಂಬ ಬೇಡಿಕೆಯನ್ನು ಫಾರ್ವರ್ಡ್ ಮಾಡಿ ಮಾಡಿ ವಿಧಾನಸೌಧದವರೆಗೆ ಮುಟ್ಟಿಸಿದರು. ಫಾರ್ವರ್ಡ್ ಒತ್ತುವ ಬೆರಳಿಗೆ ಎಷ್ಟು ಬಲ ಇದೆ ಎಂಬುದಕ್ಕೆ ನಮಗೆ ಸಿಕ್ಕ ಒಳ್ಳೆಯ ಉದಾಹರಣೆ ಅದು.

ನಿಮ್ಮ ತಾಲ್ಲೂಕಿನ ಗುಂಪಿನಲ್ಲಿ ಇದೇ ಚರ್ಚೆ ಬಂದರೆ, ‘ಡಾಕ್ಟರ್ ಇದ್ದಾರಾ?’ ಎಂದಷ್ಟೇ ಕೇಳಿದರೆ ‘ಇದ್ದಾರೆ’ ಎಂಬ ಉತ್ತರ ಬಂದು ಮಾತು ಮುಗಿಯುತ್ತದೆ. ಮಂಜೂರಾದ ಹುದ್ದೆ ಎಷ್ಟು, ಭರ್ತಿಯಾದದ್ದೆಷ್ಟು ಎಂದು ಕೇಳಬಹುದು. ಹುದ್ದೆಯೇ ಮಂಜೂರಾಗದ ಕಡೆ ಅದು ‘ಖಾಲಿ’ ಎಂದು ದಾಖಲೆಯಲ್ಲಿ ಕಾಣುವುದಿಲ್ಲ ಎಂಬುದು ನೆನಪಿರಲಿ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಶುಲ್ಕ. ತಾಲ್ಲೂಕು ಆಸ್ಪತ್ರೆ ‘ಪ್ರಥಮ ರೆಫರಲ್ ಘಟಕ’ ಎಂದು ಗುರುತಾಗಿದ್ದರೆ ಅಲ್ಲಿ ದಿನದ 24 ಗಂಟೆಯೂ ತುರ್ತು ಹೆರಿಗೆ ಚಿಕಿತ್ಸೆ, ನವಜಾತ ಶಿಶುವಿನ ಆರೈಕೆ, ರಕ್ತ ಸಂಗ್ರಹ ಘಟಕ ಮೂರೂ ಇರಬೇಕು ಎಂಬುದು ಸರ್ಕಾರದ್ದೇ ನಿಯಮ. ಅರಿವಳಿಕೆ ತಜ್ಞರು ವಾರದಲ್ಲಿ ಎಷ್ಟು ರಾತ್ರಿ ಇರುತ್ತಾರೆ, ಫ್ರಿಜ್ಜಿನಲ್ಲಿ ಇವತ್ತು ಯಾವ ಗುಂಪಿನ ರಕ್ತ ಎಷ್ಟು ಯೂನಿಟ್ ಇದೆ ಎಂದು ಕೇಳುವ ಹಕ್ಕು ಅದರಲ್ಲೇ ಬರುತ್ತದೆ.